ಹಿರೋಕಿ ಕುರೋಡಾ: 110 ಕೋಟಿ ಬಿಟ್ಟು 20 ಕೋಟಿಗೆ ಊರಿಗೆ ಮರಳಿದ್ದು ಪ್ರೀತಿಗಾ, ಲೆಕ್ಕಕ್ಕಾ?

ಕೆಂಪುಟೋಪಿ:
ಜಪಾನಿನ ಬೇಸ್‌ಬಾಲ್ ಅಂದ ಕೂಡಲೇ ಈಗ ಎಲ್ಲರೂ ಒಟಾನಿ ಹೆಸರು ಹೇಳುತ್ತಾರೆ. ಹೇಳಲಿ, ಆತ ಅದಕ್ಕೆ ತಕ್ಕವನೇ. ಆದರೆ ನನಗೆ ಮಾತಾಡಬೇಕು ಅನ್ನಿಸೋದು ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಥರ) ಹಿರೋಕಿ ಕುರೋಡಾ ಬಗ್ಗೆ. 2014ರ ಡಿಸೆಂಬರ್. ಕುರೋಡಾಗೆ 40 ತುಂಬಲು ಎರಡು ತಿಂಗಳೂ ಇರಲಿಲ್ಲ. ಆ ವರ್ಷ ನ್ಯೂಯಾರ್ಕ್ ಯಾಂಕೀಸ್ ಅವನಿಗೆ 1.6 ಕೋಟಿ ಡಾಲರ್ ಕೊಟ್ಟಿತ್ತು. ಮುಂದಿನ ವರ್ಷಕ್ಕೆ ಅಮೆರಿಕದ ತಂಡವೊಂದು 1.8 ಕೋಟಿ ಡಾಲರ್‌ವರೆಗೂ ಕೊಡಲು ತಯಾರಿದೆ ಅಂತ ಪತ್ರಿಕೆಗಳು ಬರೆದವು. ಆಗಿನ ಲೆಕ್ಕದಲ್ಲಿ ನಮ್ಮ 110 ಕೋಟಿ ರೂಪಾಯಿ. ಅದನ್ನು ಬಿಟ್ಟು ಅವನು ಸಹಿ ಹಾಕಿದ್ದು ತನ್ನ ಹಳೇ ತಂಡ ಹಿರೋಷಿಮಾ ಟೋಯೋ ಕಾರ್ಪ್‌ಗೆ, 40 ಕೋಟಿ ಯೆನ್‌ಗೆ. ಅಂದರೆ ಸುಮಾರು 20 ಕೋಟಿ ರೂಪಾಯಿ.

ಆ ತಂಡ ಲೀಗ್ ಗೆದ್ದು ಆಗಲೇ 23 ವರ್ಷ ಆಗಿತ್ತು.

ಎಲ್ಲ ಕಡೆ ಇದನ್ನು "ನಿಷ್ಠೆಯ ಕಥೆ" ಅಂತ ಹೇಳುತ್ತಾರೆ. ಜಪಾನಿನಲ್ಲಂತೂ ಅವನನ್ನು ಸಂತನ ಮಟ್ಟಕ್ಕೆ ಏರಿಸಿಬಿಟ್ಟಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅವನು ಮೊದಲಿನಿಂದಲೂ ವರ್ಷ ವರ್ಷಕ್ಕೆ ಬದುಕಿದ ಆಟಗಾರ. ಉದ್ದದ ಒಪ್ಪಂದ ಅಂದರೆ ಅವನಿಗೆ ಆಗುತ್ತಲೇ ಇರಲಿಲ್ಲ. ಊರಿಗೆ ಮರಳಿದ್ದೂ ಅದೇ ಸ್ವಭಾವದ ಮುಂದುವರಿಕೆ ಅಂತ ನನ್ನ ಅನಿಸಿಕೆ. ನೀವೇನಂತೀರಿ?

ಬೀದಿ ಬ್ಯಾಟ್ಸ್‌ಮನ್:
ಗುರು, ನನಗೆ ಬೇಸ್‌ಬಾಲ್ ಅಷ್ಟಕ್ಕಷ್ಟೆ. ಗೂಗಲ್ ಮಾಡಿದೆ. ಅಮೆರಿಕದಲ್ಲಿ 79 ಗೆಲುವು, 79 ಸೋಲು ಅಂತ ತೋರಿಸ್ತಿದೆ. ಇದೇನು ದೊಡ್ಡ ಸಾಧನೆ? ಸಮಸಮ ಆಯ್ತಲ್ಲ!

ಸ್ಕೋರ್‌ಬೋರ್ಡ್ ರಾಜು:
ಎಲ್ಲರೂ ಎಡವೋದು ಇಲ್ಲೇ. ಬೇಸ್‌ಬಾಲಿನಲ್ಲಿ ಪಂದ್ಯದ ಗೆಲುವು, ಸೋಲು ಎರಡನ್ನೂ ಒಬ್ಬೊಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ. ಒಂಬತ್ತು ಇನಿಂಗಿನ ಪಂದ್ಯದಲ್ಲಿ ಪಿಚರ್ ಎಂಟು ಇನಿಂಗ್ ಎಸೆದು ಎರಡೇ ರನ್ ಕೊಟ್ಟರೂ, ಅವನ ತಂಡದವರು ಒಂದೇ ರನ್ ಹೊಡೆದರೆ ಸೋಲು ಅವನ ಲೆಕ್ಕಕ್ಕೆ. ಬ್ಯಾಟಿಂಗ್ ಅವನ ಕೈಯಲ್ಲಿಲ್ಲ, ಆದರೂ ಶಿಕ್ಷೆ ಅವನಿಗೆ.

ಆದ್ದರಿಂದ ನೋಡಬೇಕಾದ್ದು ಇಆರ್‌ಎ. ಒಂಬತ್ತು ಇನಿಂಗಿಗೆ ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟ ಅನ್ನೋ ಲೆಕ್ಕ. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಅದರಲ್ಲಿ ಸೇರಲ್ಲ. ಕುರೋಡಾದು ಅಮೆರಿಕದ ಏಳು ವರ್ಷಕ್ಕೆ 3.45. ಇದು ಒಳ್ಳೆಯ ಅಂಕಿ. 2011ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪರವಾಗಿ 3.07 ಇತ್ತು, ಆದರೂ 13 ಗೆದ್ದು 16 ಸೋತ. ಮುಂದಿನ ವರ್ಷ ಯಾಂಕೀಸ್‌ಗೆ ಬಂದ. ಇಆರ್‌ಎ 3.32ಕ್ಕೆ ಏರಿತು, ಅಂದರೆ ಸ್ವಲ್ಪ ಕೆಟ್ಟಿತು. ಆದರೆ 16 ಗೆದ್ದು 11 ಸೋತ. ಹಿಂದೆ ಬ್ಯಾಟ್ ಬೀಸುವವರು ಬದಲಾದರು, ಅಷ್ಟೆ.

2010ರಿಂದ 2014ರವರೆಗೆ ಸತತ ಐದು ವರ್ಷ ಹತ್ತಕ್ಕಿಂತ ಹೆಚ್ಚು ಗೆಲುವು. 35ರಿಂದ 39ರ ವಯಸ್ಸಿನಲ್ಲಿ! ಅವನಿಗಿಂತ ಮೊದಲು ಅಲ್ಲಿ ಆಡಿದ ಯಾವ ಜಪಾನಿ ಪಿಚರ್ ಕೂಡ ಸತತ ಐದು ವರ್ಷ ಹಾಗೆ ಮಾಡಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ತಣ್ಣೀರು. ಅಮೆರಿಕದಲ್ಲಿ ಅವನು ಒಟ್ಟು ದುಡಿದಿದ್ದು ಸುಮಾರು 8.8 ಕೋಟಿ ಡಾಲರ್. ಅಷ್ಟು ಬ್ಯಾಂಕಿನಲ್ಲಿ ಇಟ್ಟುಕೊಂಡವನು ಕೊನೇ ಎರಡು ವರ್ಷ ಕಮ್ಮಿ ಸಂಬಳಕ್ಕೆ ಆಡಿದ್ದನ್ನು ತ್ಯಾಗ ಅನ್ನಬೇಡಿ ಪ್ಲೀಸ್. ಅದೂ 2016ರಲ್ಲಿ ಕಾರ್ಪ್ ಅವನಿಗೆ 60 ಕೋಟಿ ಯೆನ್ ಕೊಟ್ಟಿತು. ಆ ವರ್ಷ ಜಪಾನಿನಲ್ಲಿ ಅದಕ್ಕಿಂತ ದೊಡ್ಡ ಸಂಬಳ ಯಾರಿಗೂ ಇರಲಿಲ್ಲ.

ಹಿರೋಷಿಮಾ ಸೊಸೆ:
ರಾಜು ಅವರೇ, ನೀವು ಹೇಳಿದ ಅಂಕಿ ಎಲ್ಲ ಸರಿ. ಆದರೆ ಕಾರ್ಪ್ ಅಂದರೆ ಏನು ಅಂತ ತಿಳಿಯದೆ ಈ ಲೆಕ್ಕ ಹಾಕಿದರೆ ಅರ್ಧ ಕಥೆ ಬಿಟ್ಟುಹೋಗುತ್ತೆ. ನಾನು ಮದುವೆಯಾಗಿ ಬಂದದ್ದು ಹಿರೋಷಿಮಾ ಮನೆತನಕ್ಕೆ. ನಮ್ಮ ಮಾವನವರ ಕೋಣೆಯಲ್ಲಿ ಬುದ್ಧನ ಪಕ್ಕದಲ್ಲೇ ಕಾರ್ಪ್ ಕ್ಯಾಲೆಂಡರ್ ಇದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಜಪಾನಿನ ತಂಡಗಳೆಲ್ಲ ಕಂಪನಿಗಳ ತಂಡ. ಯೋಮಿಯುರಿ ಅಂದರೆ ಪತ್ರಿಕೆ, ಹಾನ್ಶಿನ್ ಅಂದರೆ ರೈಲು ಕಂಪನಿ, ಯಾಕುಲ್ಟ್ ಅಂದರೆ ಹುಳಿ ಹಾಲಿನ ಪಾನೀಯ. ಕಾರ್ಪ್ ಹುಟ್ಟಿದಾಗ ಹೀಗೆ ಹಣ ಸುರಿಯೋ ಕಂಪನಿ ಹಿಂದೆ ಇರಲಿಲ್ಲ. ಬಾಂಬು ಬಿದ್ದು ಐದು ವರ್ಷಕ್ಕೆ, 1950ರಲ್ಲಿ, ಸುಟ್ಟ ಊರಿನ ಜನ ತಮಗೂ ಒಂದು ತಂಡ ಬೇಕು ಅಂತ ಆಡಲು ಶುರುಮಾಡಿದರು. ಮರುವರ್ಷವೇ ಆಟಗಾರರ ಸಂಬಳಕ್ಕೆ ದುಡ್ಡಿಲ್ಲ. ತಂಡ ಮುಚ್ಚುವ ಮಾತು ಬಂತು. ಆಗ ಮೈದಾನದ ಬಾಗಿಲಲ್ಲಿ ಸಾಕೆ (ಅಕ್ಕಿಯ ಮದ್ಯ) ತುಂಬುವ ಮರದ ಪೀಪಾಯಿ ಇಟ್ಟರು. ಜನ ಬಂದು ಚಿಲ್ಲರೆ ಹಾಕಿದರು. ಆ ಪೀಪಾಯಿ ಇಲ್ಲಿ ಈಗಲೂ ಎಲ್ಲರ ಮಾತಲ್ಲಿ ಬರುತ್ತೆ. ಆಮೇಲೆ ಮಾಜ್ದಾ ಕಾರಿನ ಮತ್ಸುದಾ ಮನೆತನ ತಂಡಕ್ಕೆ ಆಸರೆ ಆಯಿತು. ಹೆಸರಿನಲ್ಲಿರುವ "ಟೋಯೋ" ಆ ಕಂಪನಿಯ ಹಳೇ ಹೆಸರಿಂದಲೇ ಬಂದದ್ದು. ಹಾಗಿದ್ದರೂ ಟೋಕಿಯೋ ತಂಡಗಳ ಹಾಗೆ ಇವರು ದುಡ್ಡು ಸುರಿಯುವವರಲ್ಲ.

ಮೊದಲ ಲೀಗ್ ಗೆಲುವು ಬರಲು 1975ರವರೆಗೆ ಕಾಯಬೇಕಾಯಿತು. ಕೆಂಪು ಹೆಲ್ಮೆಟ್ ಶುರುವಾಗಿದ್ದೂ ಅದೇ ವರ್ಷ. ಕುರೋಡಾ ಹುಟ್ಟಿದ್ದೂ ಅದೇ ವರ್ಷ, ಒಸಾಕಾದಲ್ಲಿ. ಅವರಪ್ಪನೂ ನಾನ್ಕಾಯ್ ಹಾಕ್ಸ್‌ಗೆ ಆಡಿದ ವೃತ್ತಿಪರ ಆಟಗಾರ.

ಕುರೋಡಾ ಕಾರ್ಪ್‌ಗೆ ಬಂದದ್ದು 1997ರಲ್ಲಿ. ಆ ವರ್ಷ ಆರು ತಂಡಗಳಲ್ಲಿ ಮೂರನೇ ಸ್ಥಾನ. ಅಲ್ಲಿಂದ ಅವರು ಅಮೆರಿಕಕ್ಕೆ ಹೊರಡುವ 2007ರವರೆಗೆ ಒಂದು ಸಲವೂ ಮೇಲಿನ ಮೂರರಲ್ಲಿ ಬರಲಿಲ್ಲ. ಹತ್ತು ವರ್ಷ! ಅವರು ಒಳ್ಳೆಯ ಪಿಚರ್ ಆಗಿ ಬೆಳೆದದ್ದೆಲ್ಲ ಸೋಲುವ ತಂಡದಲ್ಲಿ, ಅರ್ಧ ಖಾಲಿ ಸ್ಟೇಡಿಯಂನಲ್ಲಿ.

ಬೀದಿ ಬ್ಯಾಟ್ಸ್‌ಮನ್:
ಅಕ್ಕಾ, ಬೇಜಾರೆಲ್ಲಿ, ಬರೀತಾ ಹೋಗಿ. ಅಷ್ಟು ಸೋಲೋ ತಂಡ ಬಿಟ್ಟು ಬೇರೆ ತಂಡಕ್ಕೆ ಹೋಗೋಕೆ ಆಗ್ತಿರಲಿಲ್ವಾ?

ಹಿರೋಷಿಮಾ ಸೊಸೆ:
ಆಗುತ್ತಿತ್ತು. ಕಥೆಯ ತಿರುವೇ ಅದು.

ಇಲ್ಲಿ ಆಟಗಾರ ಇಷ್ಟು ವರ್ಷ ಆಡಿದ ಮೇಲೆ ತಂಡ ಬದಲಿಸುವ ಹಕ್ಕು ಸಿಗುತ್ತೆ. ಫ್ರೀ ಏಜೆಂಟ್ ಅಂತಾರೆ. ಕುರೋಡಾಗೆ ಅದು ಸಿಕ್ಕಿದ್ದು 2006ರಲ್ಲಿ. ಅದಕ್ಕೂ ಹಿಂದಿನ ವರ್ಷ 15 ಗೆಲುವಿನೊಂದಿಗೆ ಲೀಗ್‌ನಲ್ಲಿ ಅತಿ ಹೆಚ್ಚು ಗೆದ್ದವರ ಸಾಲಿನಲ್ಲಿದ್ದರು. 2006ರಲ್ಲಿ ಇಆರ್‌ಎ 1.85, ಲೀಗ್‌ನಲ್ಲೇ ಅತ್ಯುತ್ತಮ. ಟೋಕಿಯೋ, ಒಸಾಕಾ ಕಡೆಯ ದೊಡ್ಡ ತಂಡಗಳು ಬಾಗಿಲಲ್ಲೇ ಕಾಯುತ್ತಿದ್ದವು. ಕಾರ್ಪ್ ಅಭಿಮಾನಿಗಳಿಗೆ ಇದು ಹೊಸದಲ್ಲ. ತಾವು ಬೆಳೆಸಿದವರನ್ನು ಶ್ರೀಮಂತರು ಕೊಂಡುಹೋಗುವುದನ್ನು ನೋಡಿ ನೋಡಿ ಸಾಕಾಗಿತ್ತು.

ಆ ವರ್ಷದ ಕೊನೆಯಲ್ಲಿ ಹಳೇ ಸ್ಟೇಡಿಯಂನಲ್ಲಿ ಅಭಿಮಾನಿಗಳು ಒಂದು ದೊಡ್ಡ ಬ್ಯಾನರ್ ಬಿಚ್ಚಿದರು. ಹಳೇ ಸ್ಟೇಡಿಯಂ ಅಂದರೆ ಬಾಂಬಿನ ಗುಮ್ಮಟದ (ಅಣುಬಾಂಬಿಗೆ ಸಿಕ್ಕೂ ಉಳಿದ ಕಟ್ಟಡ) ಎದುರುಗಡೆಯೇ ಇದ್ದದ್ದು. ಬ್ಯಾನರ್‌ನಲ್ಲಿ ಬರೆದದ್ದು ಹೆಚ್ಚುಕಮ್ಮಿ ಹೀಗೆ: ನಾವು ಇಲ್ಲಿಯವರೆಗೆ ಒಟ್ಟಿಗೆ ಹೋರಾಡಿದ್ದೇವೆ, ಮುಂದೆಯೂ ಹೋರಾಡುತ್ತೇವೆ. ನೀನು ಕಣ್ಣೀರು ಹಾಕಿದರೆ ನಿನ್ನ ಕಣ್ಣೀರು ನಾವಾಗುತ್ತೇವೆ.

"ಹೋಗಬೇಡ" ಅನ್ನೋ ಮಾತು ಅದರಲ್ಲಿ ಎಲ್ಲೂ ಇಲ್ಲ ನೋಡಿ.

ಕುರೋಡಾ ಉಳಿದರು. ಬೇರೆ ತಂಡದ ಅಂಗಿ ಹಾಕಿಕೊಂಡು ಇದೇ ಮೈದಾನದಲ್ಲಿ ಕಾರ್ಪ್ ವಿರುದ್ಧ ಎಸೆಯುವುದನ್ನು ಕಲ್ಪಿಸಿಕೊಳ್ಳಲು ಆಗಲಿಲ್ಲ ಅಂತ ಆಮೇಲೆ ಹೇಳಿದರು.

ಸ್ಕೋರ್‌ಬೋರ್ಡ್ ರಾಜು:
ಉಳಿದ, ಸರಿ. ಮರುವರ್ಷ ಏನು ಮಾಡಿದ? 2007 ಮುಗಿದ ಕೂಡಲೇ ಡಾಡ್ಜರ್ಸ್‌ಗೆ ಹೋದ. ಅದೂ ಫ್ರೀ ಏಜೆಂಟ್ ಆಗಿ. ಕಾರ್ಪ್‌ಗೆ ಅಮೆರಿಕದಿಂದ ಒಂದು ಪೈಸೆ ಬರಲಿಲ್ಲ. ಅದೇ ತಂಡದ ಕೆಂಟಾ ಮಾಯೆದಾ 2015ರ ನಂತರ ಹೋದಾಗ ಪೋಸ್ಟಿಂಗ್ ಪದ್ಧತಿಯಲ್ಲಿ (ಆಟಗಾರನನ್ನು ಕೊಳ್ಳುವ ಅಮೆರಿಕದ ತಂಡ ಹಳೇ ತಂಡಕ್ಕೂ ಹಣ ಕೊಡೋದು) 2 ಕೋಟಿ ಡಾಲರ್ ಕಾರ್ಪ್ ಖಾತೆಗೆ ಬಂತು. ಬಡ ತಂಡಕ್ಕೆ ಯಾರು ಹೆಚ್ಚು ಉಪಕಾರ ಮಾಡಿದರು, ನೀವೇ ಹೇಳಿ.

ಹಿರೋಷಿಮಾ ಸೊಸೆ:
ಈ ಮಾತನ್ನು ನಮ್ಮ ಮಾವನವರ ಮುಂದೆ ಹೇಳಿ ನೋಡಿ. ಊಟ ಹಾಕಲ್ಲ ನಿಮಗೆ.

ಕೆಂಪುಟೋಪಿ:
ಹ್ಹಹ್ಹ. ಆದರೆ ರಾಜು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿಂದಲೇ ನನ್ನ ವಾದ ಶುರು.

ಡಾಡ್ಜರ್ಸ್ ಅವನಿಗೆ ನಾಲ್ಕು ವರ್ಷದ ಒಪ್ಪಂದ ಕೊಡಲು ಬಂತು. ಅವನು ಮೂರು ಸಾಕು ಅಂದ. 3.53 ಕೋಟಿ ಡಾಲರ್. 33 ವರ್ಷದ ಪಿಚರ್‌ಗೆ, ಹೊಸ ದೇಶದಲ್ಲಿ, ಯಾವಾಗ ಭುಜ ಕೈಕೊಡುತ್ತೋ ಗೊತ್ತಿಲ್ಲದಾಗ, ಹೆಚ್ಚುವರಿ ವರ್ಷ ಕೈಗೆ ಬಂದರೆ ಯಾರು ಬೇಡ ಅಂತಾರೆ? ಅವನ ಏಜೆಂಟ್ ತಲೆ ಚಚ್ಚಿಕೊಂಡಿರಬೇಕು. ಆ ಮೂರು ವರ್ಷ ಮುಗಿದ ಮೇಲೆ 2011ರಿಂದ 2014ರವರೆಗೆ ಎಲ್ಲವೂ ಒಂದೊಂದೇ ವರ್ಷದ ಒಪ್ಪಂದ. ಯಾಂಕೀಸ್‌ನಲ್ಲಿ ಮೊದಲು 1 ಕೋಟಿ, ಆಮೇಲೆ 1.5, ಆಮೇಲೆ 1.6 ಕೋಟಿ ಡಾಲರ್. ಬೆಲೆ ಏರುತ್ತಲೇ ಇತ್ತು. ಎರಡು ವರ್ಷ ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು.

ಇನ್ನೊಂದು ಘಟನೆ. 2011ರ ಜುಲೈ. ಡಾಡ್ಜರ್ಸ್ ಆಟ ಕೆಟ್ಟಿತ್ತು, ಪ್ಲೇಆಫ್ ಆಸೆ ಇರಲಿಲ್ಲ. ಪ್ರಶಸ್ತಿ ಗೆಲ್ಲುವ ಸ್ಥಿತಿಯಲ್ಲಿದ್ದ ದೊಡ್ಡ ತಂಡಗಳು ಅವನನ್ನು ಕೇಳುತ್ತಿದ್ದವು. ಅವನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಅಂತ ಒಪ್ಪಂದದಲ್ಲಿತ್ತು. ಅವನು ಒಪ್ಪಲಿಲ್ಲ. ಶುರುವಿನಿಂದ ಯಾರ ಜೊತೆ ಆಡಿದೆನೋ ಅವರ ಜೊತೆಗೇ ಸೀಸನ್ ಮುಗಿಸುತ್ತೇನೆ ಅಂದ. ಸೀಸನ್ ಮುಗಿದ ಮೇಲೆ ಯಾಂಕೀಸ್‌ಗೆ ಹೋದ, ಅದು ಬೇರೆ ಮಾತು.

ಇದು ಒಂದು ಊರಿನ ಮೇಲಿನ ಪ್ರೀತಿ ಮಾತ್ರ ಆಗಿದ್ದರೆ ಲಾಸ್ ಏಂಜಲೀಸ್‌ನಲ್ಲಿ ಹೀಗೆ ಮಾಡುತ್ತಿರಲಿಲ್ಲ. ಕೈಯಲ್ಲಿ ಹಿಡಿದ ಒಂದು ವರ್ಷವನ್ನು ಅಲ್ಲೇ ಪೂರ್ತಿ ಮುಗಿಸಬೇಕು, ಅದು ಮುಗಿದ ಮೇಲೆ ಮುಂದಿನದ್ದನ್ನು ಹೊಸದಾಗಿ ಯೋಚಿಸಬೇಕು. ಅವನ ಇಡೀ ಆಟದ ಬದುಕು ಹೀಗೇ ಇದೆ.

ನ್ಯೂಜೆರ್ಸಿ ಗೌಡ:
ತಡವಾಗಿ ಬಂದೆ. ನಾನು ಯಾಂಕೀಸ್ ಅಭಿಮಾನಿ, ಆದ್ದರಿಂದ ಆ ಮೂರು ವರ್ಷದ ಬಗ್ಗೆ ಸುಮ್ನೆ ಕೂರೋಕೆ ಆಗಲ್ಲ.

ಕುರೋಡಾ ಇಲ್ಲಿ ಯಾವತ್ತೂ ದೊಡ್ಡ ಸ್ಟಾರ್ ಆಗಿರಲಿಲ್ಲ. ಅಂಗಡಿಗಳಲ್ಲಿ ಅವನ ಹೆಸರಿನ ಜರ್ಸಿ ಹುಡುಕಬೇಕಿತ್ತು. ಮಾತು ಕಮ್ಮಿ. ಆದರೆ ಐದು ದಿನಕ್ಕೊಮ್ಮೆ ಬರುತ್ತಿದ್ದ, ಆರೇಳು ಇನಿಂಗ್ ಎಸೆಯುತ್ತಿದ್ದ, ಹೋಗುತ್ತಿದ್ದ. 2012ರಲ್ಲಿ ಒಟ್ಟು 219 ಇನಿಂಗ್ ಮೇಲೆ ಎಸೆದ. 37 ವರ್ಷಕ್ಕೆ!

ಆ ವರ್ಷದ ಪ್ಲೇಆಫ್ ಹೇಳಲೇಬೇಕು. ಬಾಲ್ಟಿಮೋರ್ ವಿರುದ್ಧ ಮೂರನೇ ಪಂದ್ಯ. ಒಂಬತ್ತನೇ ಇನಿಂಗ್‌ವರೆಗೆ ಎಸೆದು ಎರಡೇ ರನ್ ಕೊಟ್ಟ. ಎಲ್ಲರಿಗೂ ನೆನಪಿರೋದು ಆಮೇಲೆ ನಮ್ಮ ರೌಲ್ ಇಬಾನ್ಯೆಸ್ ಹೊಡೆದ ಎರಡು ಹೋಮ್ ರನ್ (ಸಿಕ್ಸರ್ ಥರದ ಹೊಡೆತ). ಕುರೋಡಾ ಅಲ್ಲಿಯವರೆಗೆ ಪಂದ್ಯ ಹಿಡಿದಿಟ್ಟುಕೊಳ್ಳದಿದ್ದರೆ ಇಬಾನ್ಯೆಸ್ ಎಲ್ಲಿ ಹೊಡೀತಿದ್ದ? ನಾಲ್ಕು ದಿನದ ಮೇಲೆ ಡೆಟ್ರಾಯ್ಟ್ ವಿರುದ್ಧ ಮತ್ತೆ ಅವನೇ. ಬೇಕಾದಷ್ಟು ವಿಶ್ರಾಂತಿಯೇ ಇಲ್ಲ. ಮೊದಲ 15 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ. 11 ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆ ಬ್ಯಾಟರ್ ಔಟ್. ನಮ್ಮ ಬ್ಯಾಟರ್‌ಗಳು ಒಂದು ರನ್ ಹೊಡೆಯಲಿಲ್ಲ. 0-3. ಸೋಲು ಅವನ ಹೆಸರಿಗೆ.

ಬೀದಿ ಬ್ಯಾಟ್ಸ್‌ಮನ್:
ಈಗ 79-79 ಅರ್ಥ ಆಯ್ತು 😅

ನ್ಯೂಜೆರ್ಸಿ ಗೌಡ:
ಇನ್ನೂ ಇದೆ ಕೇಳು ತಮ್ಮ. 2014ರ ಸೆಪ್ಟೆಂಬರ್ 25. ಡೆರೆಕ್ ಜೀಟರ್ ಯಾಂಕೀ ಸ್ಟೇಡಿಯಂನಲ್ಲಿ ಆಡಿದ ಕೊನೇ ಪಂದ್ಯ. ಇಪ್ಪತ್ತು ವರ್ಷ ಯಾಂಕೀಸ್‌ಗೆ ಆಡಿದವನು. ಇಡೀ ಊರು ಅವನಿಗಾಗಿ ಬಂದಿತ್ತು. ಆ ದಿನ ಪಿಚರ್ ಯಾರು? ಕುರೋಡಾ. ಮೊದಲ ಇಬ್ಬರು ಬ್ಯಾಟರ್‌ಗಳೇ ಒಬ್ಬರ ಹಿಂದೆ ಒಬ್ಬರು ಹೋಮ್ ರನ್ ಹೊಡೆದರು. ಜೀಟರ್ ಹಬ್ಬ ಹಾಳಾಯ್ತು ಅಂದ್ಕೊಂಡೆವು. ಅಲ್ಲಿಂದ ಎಂಟು ಇನಿಂಗ್ ಮುಗಿಯುವವರೆಗೆ ಇನ್ನೊಂದು ರನ್ ಬಿಟ್ಟುಕೊಡಲಿಲ್ಲ. 5-2 ಮುನ್ನಡೆಯಲ್ಲಿ ಚೆಂಡು ಬೇರೆಯವನ ಕೈಗೆ ಕೊಟ್ಟು ಕೂತ. ಒಂಬತ್ತರಲ್ಲಿ ನಮ್ಮ ಕ್ಲೋಸರ್ (ಕೊನೇ ಇನಿಂಗ್ ಎಸೆಯುವ ಪಿಚರ್) ಮೂರು ರನ್ ಕೊಟ್ಟು 5-5 ಮಾಡಿದ. ಕುರೋಡಾನ ಗೆಲುವು ಹೋಯ್ತು. ಆ ತಪ್ಪಿನಿಂದಲೇ ಜೀಟರ್‌ಗೆ ಕೊನೇ ಹೊಡೆತದ ಅವಕಾಶ ಸಿಕ್ಕಿತು, ಪಂದ್ಯ ಗೆಲ್ಲಿಸಿದ, ಜಗತ್ತೆಲ್ಲ ಅದೇ ವಿಡಿಯೋ ನೋಡಿತು.

ಕುರೋಡಾ ಅಮೆರಿಕದಲ್ಲಿ ಎಸೆದ ಕೊನೇ ಪಂದ್ಯವೂ ಅದೇ. ಅವತ್ತು ಯಾರೂ ಅವನ ಕಡೆ ನೋಡಲಿಲ್ಲ. ನಾನೂ ಜೀಟರ್ ಕಡೆಗೇ ನೋಡುತ್ತಿದ್ದೆ ಬಿಡಿ.

ಸ್ಕೋರ್‌ಬೋರ್ಡ್ ರಾಜು:
ಗೌಡ್ರೇ, 2013 ಬಿಟ್ರಲ್ಲ. ಆಗಸ್ಟ್ ಮಧ್ಯದವರೆಗೆ 11 ಗೆಲುವು, 7 ಸೋಲು, ಇಆರ್‌ಎ 2.33. ಲೀಗ್‌ನ ಅತ್ಯುತ್ತಮ ಪಿಚರ್‌ಗಳ ಸಾಲಿನಲ್ಲಿದ್ದ. ಅಲ್ಲಿಂದ ಸೀಸನ್ ಕೊನೆಯವರೆಗೆ ಒಂದೂ ಗೆಲುವಿಲ್ಲ, ಆರು ಸೋಲು. ವಯಸ್ಸು ಮಾತಾಡುತ್ತೆ. 40 ಆಗುವವನಿಗೆ ಅಮೆರಿಕದ 162 ಪಂದ್ಯದ ಸೀಸನ್, ಐದು ದಿನಕ್ಕೊಮ್ಮೆ ಎಸೆತ, ಮೂರು ಗಂಟೆ ಸಮಯ ವ್ಯತ್ಯಾಸದ ವಿಮಾನ ಪ್ರಯಾಣ. ಜಪಾನಿನಲ್ಲಾದರೆ ವಾರಕ್ಕೊಮ್ಮೆ ಎಸೆದರೆ ಸಾಕು. ಮರಳಿದ್ದರಲ್ಲಿ ಈ ಲೆಕ್ಕವೂ ಇತ್ತು ಅಂತ ನನ್ನ ವಾದ.

ಕೆಂಪುಟೋಪಿ:
ಇದ್ದಿರಬಹುದು. ಆದರೆ ಹಣ, ಸುಖ ಇವೇ ಲೆಕ್ಕವಾಗಿದ್ದರೆ ಬಿಟ್ಟುಬಿಡೋದು ಎಲ್ಲಕ್ಕಿಂತ ಸುಲಭ ಇತ್ತು. ಅವನು ಪ್ರತಿ ವರ್ಷ ನಿವೃತ್ತಿ ಬಗ್ಗೆ ಯೋಚಿಸುತ್ತಿದ್ದ ಅನ್ನೋದು ಗುಟ್ಟಲ್ಲ. ಹೆಂಡತಿ ಮಕ್ಕಳು ಲಾಸ್ ಏಂಜಲೀಸ್‌ನಲ್ಲಿ. ಕಾರ್ಪ್‌ಗೆ ಬಂದು ಎರಡು ವರ್ಷ ಒಬ್ಬನೇ ಇದ್ದ. ಭುಜ, ಕುತ್ತಿಗೆ, ಕಾಲು ಎಲ್ಲ ಕಡೆ ನೋವು. ಎಷ್ಟು ಎಸೆತ ಉಳಿದಿವೆಯೋ ಗೊತ್ತಿಲ್ಲ, ಉಳಿದಷ್ಟನ್ನು ಯಾರ ಮುಂದೆ ಎಸೆಯಬೇಕು ಅಂತ ಯೋಚಿಸಿದ. ನ್ಯೂಯಾರ್ಕ್‌ನಲ್ಲಿ ಅವನ ಒಂದು ಎಸೆತದ ಬೆಲೆ ಡಾಲರ್‌ನಲ್ಲಿ ಹೆಚ್ಚು. ಹಿರೋಷಿಮಾದಲ್ಲಿ ಅದೇ ಎಸೆತಕ್ಕೆ ಮೂವತ್ತು ಸಾವಿರ ಜನ ಉಸಿರು ಬಿಗಿಹಿಡಿಯುತ್ತಾರೆ. ತನಗೆ ಹೆಚ್ಚು ದಕ್ಕುವ ಕಡೆಗೆ ಹೋದ. ನಾನು ಅದನ್ನು ತ್ಯಾಗ ಅನ್ನಲ್ಲ, ಆಸೆ ಅಂತೀನಿ.

ಬೀದಿ ಬ್ಯಾಟ್ಸ್‌ಮನ್:
ಸರಿ, ಭಾವನೆ ಸಾಕು. ಎಸೀತಿದ್ದದ್ದು ಏನು? ತುಂಬಾ ಸ್ಪೀಡಾ?

ಸ್ಕೋರ್‌ಬೋರ್ಡ್ ರಾಜು:
ಚಿಕ್ಕ ವಯಸ್ಸಲ್ಲಿ ಹೌದು, ಗಂಟೆಗೆ 150 ಕಿಮೀ ದಾಟಿಸುತ್ತಿದ್ದ. ಜಪಾನಿನಲ್ಲಿ ಅವನ ಹೆಸರೇ "ಮಿಸ್ಟರ್ ಕಂಪ್ಲೀಟ್ ಗೇಮ್". ಒಂಬತ್ತೂ ಇನಿಂಗ್ ತಾನೇ ಎಸೆದು ಮುಗಿಸುವವನು. ಸೋಲುವ ತಂಡದಲ್ಲಿ ನಂಬಿಕೆಯ ಬದಲಿ ಪಿಚರ್ ಇಲ್ಲದಿದ್ದರೆ ಬೇರೆ ದಾರಿ ಏನು?

ಅಮೆರಿಕದಲ್ಲಿ ಹಾಗೆ ನಡೆಯಲ್ಲ. ಅಲ್ಲಿ ನೂರು ಎಸೆತದ ಆಸುಪಾಸಿಗೆ ಪಿಚರ್‌ನನ್ನು ಕೂರಿಸುತ್ತಾರೆ. ಚೆಂಡೂ ಬೇರೆ. ಜಪಾನಿನ ಚೆಂಡಿಗಿಂತ ಜಾರುತ್ತೆ. ಹಾಗಾಗಿ ಅವನು ತನ್ನನ್ನೇ ಬದಲಿಸಿಕೊಂಡ. ನೇರ ವೇಗದ ಚೆಂಡು ಕಮ್ಮಿ ಮಾಡಿ ಟೂ-ಸೀಮ್, ಸ್ಪ್ಲಿಟರ್, ಸ್ಲೈಡರ್ ಥರದ ತಿರುಗುವ, ಇಳಿಯುವ ಚೆಂಡು ಹಿಡಿದ. ಮೂರು ಎಸೆತದಲ್ಲಿ ಸ್ಟ್ರೈಕ್‌ಔಟ್ ಮಾಡೋದಕ್ಕಿಂತ, ಮೊದಲ ಎರಡರಲ್ಲೇ ಬ್ಯಾಟರ್ ನೆಲಕ್ಕೆ ಹೊಡೆಯುವ ಹಾಗೆ ಮಾಡೋದು. ಎಸೆತ ಉಳಿಯುತ್ತೆ.

2008ರ ಜುಲೈ 7, ಅಟ್ಲಾಂಟಾ ವಿರುದ್ಧ, ಏಳು ಇನಿಂಗ್‌ವರೆಗೆ ಒಬ್ಬ ಬ್ಯಾಟರ್‌ಗೂ ಬೇಸ್ ಮುಟ್ಟಲು ಬಿಡಲಿಲ್ಲ. ಎಂಟನೆಯದರ ಶುರುವಿನಲ್ಲಿ ಮಾರ್ಕ್ ಟೆಶೇರಾ ಡಬಲ್ (ಎರಡನೇ ಬೇಸ್‌ವರೆಗೆ ಓಡಲು ಸಿಗುವ ಹೊಡೆತ) ಹೊಡೆದ. ಅದೊಂದೇ ಹಿಟ್. ಪೂರ್ತಿ ಪಂದ್ಯ 91 ಎಸೆತದಲ್ಲಿ ಮುಗಿಸಿದ.

ಕೆಂಪುಟೋಪಿ:
ಅವನ ಟೂ-ಸೀಮ್ ಬಗ್ಗೆ ಒಂದು ಮಾತು. ಬಲಗೈ ಪಿಚರ್‌ನ ಟೂ-ಸೀಮ್ ಬಲಗೈ ಬ್ಯಾಟರ್ ಕಡೆಗೆ ಒಳಕ್ಕೆ ಬರುತ್ತೆ, ನಮ್ಮ ಇನ್‌ಸ್ವಿಂಗರ್ ಹಾಗೆ, ಆದರೆ ನೆಲಕ್ಕೆ ಬೀಳದೆ. ಎಡಗೈ ಬ್ಯಾಟರ್‌ಗೆ ಅದೇ ಚೆಂಡು ಹೊರಕ್ಕೆ ಹೋಗುತ್ತೆ. ಕುರೋಡಾ ಅದನ್ನು ಎಡಗೈಯವನ ಸೊಂಟಕ್ಕೇ ಗುರಿ ಇಟ್ಟು ಎಸೆಯುತ್ತಿದ್ದ. ಬ್ಯಾಟರ್ ಪೆಟ್ಟು ಬೀಳುತ್ತೆ ಅಂತ ಹಿಂದೆ ಸರಿಯುತ್ತಾನೆ. ಅಷ್ಟರಲ್ಲಿ ಚೆಂಡು ತಿರುಗಿ ಸ್ಟ್ರೈಕ್ ಜಾಗದ (ಬ್ಯಾಟರ್ ಹೊಡೆಯಲೇಬೇಕಾದ ಜಾಗ) ಅಂಚಿಗೆ ಬಂದು ಬೀಳುತ್ತೆ. ಇದಕ್ಕೆ ಫ್ರಂಟ್‌ಡೋರ್ ಅಂತಾರೆ. 2015ರಲ್ಲಿ ಜಪಾನಿಗೆ ಮರಳಿ ಇದನ್ನೇ ಎಸೆದಾಗ ಅಲ್ಲಿನ ಬ್ಯಾಟರ್‌ಗಳು ಬೆಪ್ಪಾಗಿ ನಿಂತರು. ಟಿವಿ ಕಾಮೆಂಟರಿಯಲ್ಲೆಲ್ಲ ಅದೇ ಮಾತು. ಈಗ ಜಪಾನಿನ ಹುಡುಗರೂ ಎಸೆಯುತ್ತಾರೆ.

ಗುರಿ ಒಂದು ಗೇಣು ತಪ್ಪಿದರೆ ಚೆಂಡು ನಿಜವಾಗಿಯೂ ಸೊಂಟಕ್ಕೇ ಬೀಳುತ್ತೆ. ಧೈರ್ಯ ಬೇಕು.

ನ್ಯೂಜೆರ್ಸಿ ಗೌಡ:
ಧೈರ್ಯಕ್ಕೆ ಕಮ್ಮಿ ಇರಲಿಲ್ಲ. 2009ರ ಆಗಸ್ಟ್‌ನಲ್ಲಿ ಅರಿಜೋನಾದಲ್ಲಿ ಬ್ಯಾಟರ್ ನೇರಕ್ಕೆ ಹೊಡೆದ ಚೆಂಡು ಇವನ ತಲೆಗೇ ಬಡಿದು ಪ್ರೇಕ್ಷಕರ ಗ್ಯಾಲರಿಗೆ ಚಿಮ್ಮಿತು. ಸ್ಟ್ರೆಚರ್ ಬಂತು. ನೋಡಿದವರೆಲ್ಲ ಮುಗಿಯಿತು ಅಂದುಕೊಂಡರು. ಸೆಪ್ಟೆಂಬರ್ ಶುರುವಿನಲ್ಲಿ ಮತ್ತೆ ಮೌಂಡ್ (ಪಿಚರ್ ಎಸೆಯುವ ದಿಬ್ಬ) ಮೇಲೆ ನಿಂತಿದ್ದ.

2008ರ ಪ್ಲೇಆಫ್ ಇನ್ನೊಂದು. ಫಿಲಡೆಲ್ಫಿಯಾ ಪಿಚರ್ ಹಿಂದಿನ ಪಂದ್ಯದಲ್ಲಿ ಡಾಡ್ಜರ್ಸ್ ಬ್ಯಾಟರ್‌ಗಳ ಮೈಮೇಲೆ ಎಸೆದಿದ್ದ. ಮೂರನೇ ಪಂದ್ಯದಲ್ಲಿ ಕುರೋಡಾ ಶೇನ್ ವಿಕ್ಟೊರಿನೊ ತಲೆ ಮೇಲಿಂದ ಒಂದು ಚೆಂಡು ಕಳಿಸಿದ. ಎರಡೂ ತಂಡ ಮೈದಾನಕ್ಕೆ ನುಗ್ಗಿತು. ಆಗ ತಾನೇ ಬಂದ, ಇಂಗ್ಲಿಷ್ ಬಾರದ ಜಪಾನಿ ನಮಗಾಗಿ ಹೀಗೆ ಮಾಡಿದ ಅಂತ ಡಾಡ್ಜರ್ಸ್ ಹುಡುಗರು ಅವನನ್ನು ಒಳಗೆ ಸೇರಿಸಿಕೊಂಡರು. ತಲೆ ಕಡೆಗೆ ಎಸೆಯೋದು ಸರಿಯಲ್ಲ, ಅದು ಬೇರೆ ಮಾತು. ಆ ಸರಣಿಯಲ್ಲಿ ಡಾಡ್ಜರ್ಸ್ ಗೆದ್ದದ್ದು ಅದೊಂದೇ ಪಂದ್ಯ.

ಡಾಡ್ಜರ್ಸ್ ಪಿಚರ್ ಕ್ಲೇಟನ್ ಕರ್ಷಾ ಆಗ ಇಪ್ಪತ್ತರ ಹುಡುಗ. ದಿನಾ ಕ್ಯಾಚ್ ಆಡುವ ಜೋಡಿ ಇವರಿಬ್ಬರು. ಒಬ್ಬನಿಗೆ ಇನ್ನೊಬ್ಬನ ಭಾಷೆ ಬರಲ್ಲ. ಆದರೂ ಗಟ್ಟಿ ಸ್ನೇಹ.

ಹಿರೋಷಿಮಾ ಸೊಸೆ:
ಸಿಟ್ಟಿನ ವಿಷಯ ಬಂತಲ್ಲ, 2015ರ ಏಪ್ರಿಲ್ ಹೇಳದಿದ್ದರೆ ಹೇಗೆ? ಕಾರ್ಪ್ ಆಡುವ ಸೆಂಟ್ರಲ್ ಲೀಗ್‌ನಲ್ಲಿ ಪಿಚರ್ ಕೂಡ ಬ್ಯಾಟ್ ಮಾಡಬೇಕಿತ್ತು. ಹಾನ್ಶಿನ್‌ನ ಪಿಚರ್ ಫುಜಿನಾಮಿ, ಆಗ 21ರ ಹುಡುಗ, ಕುರೋಡಾ ಬಂಟ್ ಮಾಡಲು (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಲು) ಬಗ್ಗಿದಾಗ ಎರಡು ಸಲ ಮೈ ಹತ್ತಿರಕ್ಕೆ ಎಸೆದ. ಎರಡನೇ ಸಲ ಕುರೋಡಾ ಕೆರಳಿ ಅವನ ಕಡೆಗೇ ನಡೆದರು. 40 ವರ್ಷದವರು, ಅಮೆರಿಕದಿಂದ ಬಂದ ದೊಡ್ಡ ಮನುಷ್ಯ, ಶಾಂತವಾಗಿರುತ್ತಾರೆ ಅಂದುಕೊಂಡಿದ್ದ ತಂಡಕ್ಕೆ ಅವತ್ತು ಮೈ ಬಿಸಿಯಾಯಿತು. ನಮ್ಮ ಮಾವ ಟಿವಿ ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮತ್ತೊಂದು ವಿಷಯ ಇಲ್ಲಿನವರು ಹೆಚ್ಚು ಮಾತಾಡುತ್ತಾರೆ. ಹೈಸ್ಕೂಲ್‌ನಲ್ಲಿ ಅವರು ತಂಡದ ಮೂರನೇ ಪಿಚರ್. ಅಂದರೆ ಆಡಿಸುತ್ತಲೇ ಇರಲಿಲ್ಲ. ಗುರಿ ತಪ್ಪಿದ್ದಕ್ಕೆ ದಿನವಿಡೀ ಓಡಿಸುವ ಶಿಕ್ಷೆ. ನೀರು ಕುಡಿಯಲೂ ಬಿಡುತ್ತಿರಲಿಲ್ಲ. ಆ ಕಾಲದ ಜಪಾನಿ ಶಾಲೆಗಳಲ್ಲಿ ಇದು ಮಾಮೂಲಿ. ಹೆಮ್ಮೆಪಡುವ ವಿಷಯ ಅಂತೂ ಅಲ್ಲ. "ಅದರಿಂದಲೇ ಅವರು ಗಟ್ಟಿಯಾದರು" ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತೆ. ಆ ಶಿಕ್ಷೆಯಲ್ಲೇ ಆಟ ಬಿಟ್ಟುಹೋದ ಹುಡುಗರ ಹೆಸರು ನಮಗೆ ಗೊತ್ತೇ ಇಲ್ಲವಲ್ಲ. ಹೈಸ್ಕೂಲ್ ಮುಗಿದಾಗ ಇವರನ್ನು ಕೇಳುವವರೇ ಇರಲಿಲ್ಲ. ಸೆನ್ಶೂ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಬೆಳೆದರು. ಅಲ್ಲಿಂದಲೇ ಕಾರ್ಪ್.

ಬೀದಿ ಬ್ಯಾಟ್ಸ್‌ಮನ್:
ಮರಳಿ ಬಂದು ಗೆಲ್ಲಿಸಿದ್ರಾ ಇಲ್ವಾ? ಅದು ಹೇಳಿ.

ಹಿರೋಷಿಮಾ ಸೊಸೆ:
ಮೊದಲ ವರ್ಷ ಇಲ್ಲ. 2015ರ ಮಾರ್ಚ್ 29ಕ್ಕೆ ಯಾಕುಲ್ಟ್ ವಿರುದ್ಧ ಮೊದಲ ಪಂದ್ಯ, ಏಳು ಇನಿಂಗ್, ಒಂದೂ ರನ್ ಇಲ್ಲ. ಸ್ಟೇಡಿಯಂ ಕೆಂಪೋ ಕೆಂಪು. ಹೊಸ ಮಾಜ್ದಾ ಸ್ಟೇಡಿಯಂ ಅವರಿದ್ದಾಗ ಇರಲಿಲ್ಲ, 2009ರಲ್ಲಿ ಆದದ್ದು. ಆ ವರ್ಷ 11 ಗೆಲುವು, ಇಆರ್‌ಎ 2.55. ಆದರೂ ತಂಡ ನಾಲ್ಕನೇ ಸ್ಥಾನ. ಕೊನೇ ದಿನದ ಪಂದ್ಯ ಸೋತು ಪ್ಲೇಆಫ್ ತಪ್ಪಿಹೋಯಿತು. ಮೇಲೆ ಮಾಯೆದಾ ಅಮೆರಿಕಕ್ಕೆ ಹೊರಟುಹೋದರು. ಎಲ್ಲರೂ ಇನ್ನು ಮುಗಿಯಿತು ಅಂದುಕೊಂಡರು.

2016ರಲ್ಲಿ ಅದೇ ತಂಡ ಓಡತೊಡಗಿತು. ಸುಜುಕಿ ಸೇಯಾ ಥರದ ಎಳೆ ಹುಡುಗರು ಒಂದು ಕಡೆ. ಇನ್ನೊಂದು ಕಡೆ ಕುರೋಡಾ ಮತ್ತು ಅರಾಯ್. ಅರಾಯ್ ತಕಹಿರೋ ಕಥೆ ಇನ್ನೂ ಮಜಾ. ಇವರೂ 2007ರಲ್ಲೇ ಕಾರ್ಪ್ ಬಿಟ್ಟು ಹಾನ್ಶಿನ್‌ಗೆ ಹೋದವರು. ಅತ್ತುಕೊಂಡೇ ಹೋದರು, ಆದರೆ ಜನ ಕ್ಷಮಿಸಲಿಲ್ಲ. ವರ್ಷಗಟ್ಟಲೆ ಬೈದರು. 2015ರಲ್ಲಿ ಅವರೂ ತೀರಾ ಕಮ್ಮಿ ಸಂಬಳಕ್ಕೆ ಮರಳಿದರು. 2016ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೇ!

ಜುಲೈ 23ಕ್ಕೆ ಮಾಜ್ದಾ ಸ್ಟೇಡಿಯಂನಲ್ಲಿ ಕುರೋಡಾ ಅವರ 200ನೇ ಗೆಲುವು, ಜಪಾನ್ ಅಮೆರಿಕ ಎರಡೂ ಸೇರಿ. ಅವರಿಗಿಂತ ಮೊದಲು ಹಾಗೆ ಎರಡೂ ದೇಶ ಸೇರಿಸಿ 200 ಮುಟ್ಟಿದ್ದು ನೋಮೋ ಹಿದೆಯೋ ಒಬ್ಬರೇ. ಸೆಪ್ಟೆಂಬರ್ 10ಕ್ಕೆ ಟೋಕಿಯೋ ಡೋಮ್‌ನಲ್ಲಿ ಯೋಮಿಯುರಿ ಜೈಂಟ್ಸ್ ವಿರುದ್ಧ ಗೆದ್ದರೆ ಲೀಗ್ ನಮ್ಮದು. ಎಸೆದವರು ಕುರೋಡಾ. ಆರು ಇನಿಂಗ್, ಮೂರು ರನ್. 6-4. ಇಪ್ಪತ್ತೈದು ವರ್ಷದ ಮೇಲೆ ಲೀಗ್. ಕುರೋಡಾ, ಅರಾಯ್ ಇಬ್ಬರೂ ತಬ್ಬಿಕೊಂಡು ಅತ್ತದ್ದು ಮಾರನೇ ದಿನ ಎಲ್ಲ ಪೇಪರ್‌ನಲ್ಲೂ ಬಂತು.

ಸ್ಕೋರ್‌ಬೋರ್ಡ್ ರಾಜು:
ಜಪಾನ್ ಸೀರೀಸ್ (ಅಲ್ಲಿನ ಎರಡು ಲೀಗ್‌ಗಳ ನಡುವಿನ ಫೈನಲ್ ಸರಣಿ) ಸೋತರು, ಅದನ್ನೂ ಹೇಳಿ ಅಕ್ಕಾ.

ಹಿರೋಷಿಮಾ ಸೊಸೆ:
ಹೇಳ್ತೀನಿ ರಾಜು ಅವರೇ, ಸ್ವಲ್ಪ ಉಸಿರಾಡಲು ಬಿಡಿ.

ಜಪಾನ್ ಸೀರೀಸ್ ಶುರುವಾಗಲು ನಾಲ್ಕು ದಿನ ಇರುವಾಗ, ಅಕ್ಟೋಬರ್ 18ಕ್ಕೆ, ಕುರೋಡಾ ನಿವೃತ್ತಿ ಹೇಳಿಬಿಟ್ಟರು. ಎದುರಾಳಿ ನಿಪ್ಪಾನ್‌ಹ್ಯಾಮ್ ಫೈಟರ್ಸ್. ಮೊದಲ ಎರಡು ಪಂದ್ಯ ನಾವು ಗೆದ್ದೆವು. ಮೂರನೆಯದು ಸಪ್ಪೊರೊದಲ್ಲಿ, ಕುರೋಡಾ ಎಸೆದರು. ಎದುರಿಗೆ 22ರ ಒಟಾನಿ. ಒಟಾನಿ ಮೊದಲೆರಡು ಸಲವೂ ಡಬಲ್ ಹೊಡೆದರು. ಆರನೇ ಇನಿಂಗ್‌ನಲ್ಲಿ ಮೂರನೇ ಸಲ ಎದುರಾದಾಗ ಎಡಗಡೆಗೆ ಕ್ಯಾಚ್ ಕೊಟ್ಟು ಔಟ್. ಆಗಲೇ ಕುರೋಡಾ ಕಾಲು ಕೈಕೊಟ್ಟಿತು. ಒಳಗೆ ಹೋಗಿ ನೋಡಿಕೊಂಡು ಬಂದು ಎರಡು ಮೂರು ಚೆಂಡು ಎಸೆದು ನೋಡಿದರು. ಆಗಲಿಲ್ಲ. ಮುನ್ನಡೆ ನಮ್ಮದೇ ಇತ್ತು. ಹತ್ತನೇ ಇನಿಂಗ್‌ನಲ್ಲಿ ಒಟಾನಿಯೇ ಹೊಡೆದು ಪಂದ್ಯ ಗೆದ್ದುಕೊಂಡು ಹೋದರು.

ಸಾಲಾಗಿ ನಾಲ್ಕು ಸೋಲು. ಏಳನೇ ಪಂದ್ಯ ಹಿರೋಷಿಮಾದಲ್ಲಿ ನಡೆದಿದ್ದರೆ ಕುರೋಡಾ ಎಸೆಯಬೇಕಿತ್ತು. ಆರಕ್ಕೇ ಮುಗಿಯಿತು.

ನ್ಯೂಜೆರ್ಸಿ ಗೌಡ:
ಹಾಗಾದ್ರೆ ಕುರೋಡಾ ಕೊನೆಗೆ ಎದುರಿಸಿದ ಬ್ಯಾಟರ್ ಒಟಾನಿ. ಔಟ್ ಮಾಡಿಯೇ ಹೋದ. ನಮ್ಮೂರಲ್ಲಿ ಈ ವಿಷಯ ಯಾರಿಗೂ ಗೊತ್ತಿಲ್ಲ.

ಸ್ಕೋರ್‌ಬೋರ್ಡ್ ರಾಜು:
ಒಟ್ಟು ಲೆಕ್ಕ: ಜಪಾನ್‌ನಲ್ಲಿ 124, ಅಮೆರಿಕದಲ್ಲಿ 79, ಸೇರಿ 203 ಗೆಲುವು. ಕೊನೇ ವರ್ಷವೂ 10 ಗೆದ್ದ, ಇಆರ್‌ಎ 3.09. 41ರ ವಯಸ್ಸಲ್ಲಿ ಇನ್ನೂ ಒಂದು ವರ್ಷ ಆರಾಮಾಗಿ ಎಸೆಯಬಹುದಿತ್ತು. 60 ಕೋಟಿ ಯೆನ್ ಮತ್ತೆ ಕೊಡುತ್ತಿದ್ದರು. ಬಿಟ್ಟ. ಕೆಂಪುಟೋಪಿ ಹೇಳಿದ "ವರ್ಷ ವರ್ಷದ ಲೆಕ್ಕ" ನನಗೆ ಇಲ್ಲಿ ಮಾತ್ರ ಪೂರ್ತಿ ಒಪ್ಪಿಗೆ. ತ್ಯಾಗ ಅನ್ನೋ ಮಾತು ಈಗಲೂ ಬೇಡ.

ಕೆಂಪುಟೋಪಿ:
ಅಷ್ಟು ಒಪ್ಪಿದ್ದೇ ದೊಡ್ಡದು.

ಬೀದಿ ಬ್ಯಾಟ್ಸ್‌ಮನ್:
ಈಗ ಏನ್ ಮಾಡ್ತಿದ್ದಾರೆ? ಕೋಚಾ?

ಹಿರೋಷಿಮಾ ಸೊಸೆ:
ಕೋಚ್ ಅಲ್ಲ. 15ನೇ ನಂಬರ್ ಅಂಗಿಯನ್ನು ಕಾರ್ಪ್ ಇನ್ಯಾರಿಗೂ ಕೊಡಲ್ಲ ಅಂತ ಎತ್ತಿಟ್ಟಿದೆ. 2023ರ ಸೀಸನ್‌ಗೆ ಅರಾಯ್ ಮ್ಯಾನೇಜರ್ (ಮುಖ್ಯ ಕೋಚ್ ಥರ) ಆದರು. ಅದೇ ಹೊತ್ತಿಗೆ ಕುರೋಡಾ ತಂಡಕ್ಕೆ ಸಲಹೆಗಾರರಾಗಿ ಸೇರಿಕೊಂಡರು. 2024ರಲ್ಲಿ ಜಪಾನ್ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೂ ಆಯ್ಕೆಯಾದರು. ಫೆಬ್ರವರಿಯ ತರಬೇತಿ ಶಿಬಿರದಲ್ಲಿ ಎಳೆ ಪಿಚರ್‌ಗಳ ಹಿಂದೆ ಕೈಕಟ್ಟಿ ನಿಂತಿರುವ ಫೋಟೋ ಪೇಪರ್‌ನಲ್ಲಿ ಬರುತ್ತಿರುತ್ತೆ.

ಅಂದಹಾಗೆ ಬೀದಿ ಬ್ಯಾಟ್ಸ್‌ಮನ್, ಆಟ ಕಲಿಯೋ ಮನಸ್ಸಿದ್ದರೆ ಆ 2008ರ ಅಟ್ಲಾಂಟಾ ಪಂದ್ಯದಿಂದ ಶುರುಮಾಡಿ. ಬೇಗ ಮುಗಿಯುತ್ತೆ, ಗೊಂದಲ ಕಮ್ಮಿ.